ಕಟ್ಟೆ, ಸೇತುವೆ, ದೋಣಿಮನೆ: ಮುಳಾ-ಮುಠಾ ದಂಡೆಯ ಪರಂಪರೆಯ ಸ್ವರೂಪ

ಪರಂಪರೆ ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಮನಸ್ಸು ದೇವಾಲಯ, ಕೋಟೆ, ಶಾಸನ, ಅರಮನೆಗಳತ್ತ ಹರಿಯುತ್ತದೆ. ಒಂದು ಊರಿನ ನದೀದಂಡೆಯ ಉದ್ಯಾನ, ಅದರ ಪಕ್ಕದ ಸೇತುವೆ, ದೋಣಿಗಳನ್ನು ಇರಿಸುವ ಮನೆ, ನೀರನ್ನು ತಡೆದ ಕಟ್ಟೆ ಇವು ಆ ಪಟ್ಟಿಗೆ ಸುಲಭವಾಗಿ ಸೇರುವುದಿಲ್ಲ. ಇವು ಪೂಜೆಗಾಗಿ ಹುಟ್ಟಿದವಲ್ಲ, ವಿಜಯದ ಸ್ಮರಣೆಗಾಗಿ ಹುಟ್ಟಿದವೂ ಬಹುಮಟ್ಟಿಗೆ ಅಲ್ಲ, ಬಳಕೆಗಾಗಿ ಹುಟ್ಟಿದವು. ಬಳಕೆಯ ವಸ್ತು ಹಳೆಯದಾದಾಗ ಅದನ್ನು ತೆಗೆದು ಹೊಸದನ್ನು ಇಡುವುದು ಲೋಕರೂಢಿ. ಆದರೆ ಒಂದು ನಗರ ತನ್ನ ನದಿಯೊಡನೆ ಹೇಗೆ ಬಾಳಿತು ಎಂಬುದಕ್ಕೆ ಇಂತಹ ರಚನೆಗಳಿಗಿಂತ ನಂಬಲರ್ಹವಾದ ಸಾಕ್ಷಿ ಇಲ್ಲ. ಪುಣೆಯ ಬಂಡ್ ಗಾರ್ಡನ್ ಮತ್ತು ಸಂಗಮದ ಪರಿಸರ ಇದಕ್ಕೆ ಉತ್ತಮ ನಿದರ್ಶನ. ಅಲ್ಲಿಯ ಕಟ್ಟೆ, ಸೇತುವೆ, ದೋಣಿಮನೆ, ವಿದ್ಯಾಲಯಗಳನ್ನು ಬಿಡಿಬಿಡಿಯಾಗಿ ನೋಡಿದರೆ ಅವುಗಳ ಮೌಲ್ಯ ಅರ್ಧದಷ್ಟೇ ತಿಳಿಯುತ್ತದೆ. ನೀರಿನೊಂದಿಗೆ ಸೇರಿಸಿ ನೋಡಿದಾಗ ಮಾತ್ರ ಪೂರ್ಣವಾಗಿ ತಿಳಿಯುತ್ತದೆ ಎಂಬುದು ಈ ಲೇಖನದ ಪ್ರತಿಪಾದನೆ.

ನದಿ ಮತ್ತು ಕಟ್ಟೆ

ಸಹ್ಯಾದ್ರಿಯಲ್ಲಿ ಹುಟ್ಟುವ ಮುಳಾ ಮತ್ತು ಮುಠಾ ನದಿಗಳು ಪುಣೆಯ ಸಂಗಮದಲ್ಲಿ ಕೂಡಿ ಮುಳಾ-ಮುಠಾ ಎಂಬ ಜೋಡಿ ಹೆಸರನ್ನು ಪಡೆಯುತ್ತವೆ. ಮುಂದೆ ಈ ನದಿ ಪೂರ್ವಕ್ಕೆ ಹರಿದು ಭೀಮೆಯನ್ನು ಸೇರುತ್ತದೆ. ದಖ್ಖನ್ನಿನ ಎಲ್ಲ ನದಿಗಳಂತೆ ಇದೂ ಮಳೆಗಾಲದಲ್ಲಿ ದಡಮೀರಿ ಹರಿದು ಬೇಸಗೆಯಲ್ಲಿ ಬಂಡೆಗಳ ನಡುವೆ ಸಣ್ಣ ತೊರೆಯಾಗುವ ಸ್ವಭಾವದ್ದು. ಇಂತಹ ನದಿಯಲ್ಲಿ ವರ್ಷವಿಡೀ ನೀರು ನಿಲ್ಲಬೇಕಾದರೆ ಅಡ್ಡಗಟ್ಟೆ ಬೇಕು. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಮುಂಬಯಿಯ ಪಾರಸಿ ವರ್ತಕರೂ ದಾನಿಗಳೂ ಆಗಿದ್ದ ಸರ್ ಜಮಶೇಟ್‌ಜಿ ಜೀಜೀಭಾಯ್ ಅವರ ಧನಸಹಾಯದಿಂದ ಈ ನದಿಗೆ ಕಲ್ಲಿನ ಕಟ್ಟೆಯೊಂದು ನಿರ್ಮಾಣವಾಯಿತು. ನೀರಿನ ಪೂರೈಕೆ ಅದರ ಮೂಲ ಉದ್ದೇಶವಾಗಿತ್ತು. ಕಟ್ಟೆಯ ಹಿಂದೆ ನೀರು ನಿಂತಿತು. ನಿಂತ ನೀರಿನ ಪಕ್ಕದಲ್ಲಿ ತೋಟ ಬೆಳೆಯಿತು. ಕಟ್ಟೆಯ ಹೆಸರೇ ತೋಟದ ಹೆಸರಾಯಿತು. ಈಗ ಆ ಉದ್ಯಾನದ ಅಧಿಕೃತ ಹೆಸರು ಮಹಾತ್ಮಾ ಗಾಂಧಿ ಉದ್ಯಾನ. ಜನರ ಬಾಯಲ್ಲಿ ಮಾತ್ರ ಅದು ಬಂಡ್ ಗಾರ್ಡನ್ ಆಗಿಯೇ ಉಳಿದಿದೆ.

ಈ ಹೆಸರು ಭಾಷೆಯ ವಿದ್ಯಾರ್ಥಿಗಳ ಗಮನಕ್ಕೆ ಅರ್ಹವಾದುದು. ‘ಬಂಡ್’ ಎಂಬುದು ಪಾರಸಿಯ ‘ಬಂದ್’ ಹಿಂದುಸ್ತಾನಿಯ ಮೂಲಕ ಇಂಗ್ಲಿಷಿಗೆ ಹೋಗಿ ಪಡೆದ ರೂಪ. ಕನ್ನಡದ ‘ಬಂದೋಬಸ್ತು’ ಎಂಬ ಮಾತಿನಲ್ಲಿರುವುದೂ ಇದೇ ಪದ. ಸಂಸ್ಕೃತದ ‘ಬಂಧ’ ಇದಕ್ಕೆ ಜ್ಞಾತಿ. ‘ಸೇತು’ ಎಂಬ ಪದದ ಮೂಲದಲ್ಲಿಯೂ ಕಟ್ಟುವುದು ಎಂಬ ಅರ್ಥವೇ ಇದೆ. ಸಂಸ್ಕೃತದಲ್ಲಿ ಅದು ನೀರು ತಡೆಯುವ ಒಡ್ಡಿಗೂ ನೀರು ದಾಟಿಸುವ ಹಾದಿಗೂ ಸಲ್ಲುತ್ತದೆ. ಕನ್ನಡದ ‘ಕಟ್ಟೆ’ಯಾದರೋ ‘ಕಟ್ಟು’ ಧಾತುವಿನಿಂದಲೇ ಬಂದಿದೆ. ಹೀಗೆ ಒಡ್ಡು ಮತ್ತು ಸೇತುವೆಗಳನ್ನು ನಮ್ಮ ಭಾಷೆಗಳು ಒಂದೇ ಕ್ರಿಯೆಯ ಎರಡು ಮುಖಗಳೆಂದು ಭಾವಿಸಿದವು: ಒಂದು ನೀರನ್ನು ಕಟ್ಟುತ್ತದೆ, ಇನ್ನೊಂದು ಎರಡು ದಡಗಳನ್ನು ಕಟ್ಟುತ್ತದೆ.

ಸೇತುವೆಗಳು

ಉದ್ಯಾನದ ಬಳಿಯಿಂದ ಯೆರವಡೆಯತ್ತ ಸಾಗುವ ಫಿಟ್ಜ್‌ಜೆರಾಲ್ಡ್ ಸೇತುವೆ 1867ರಲ್ಲಿ ನಿರ್ಮಾಣವಾಯಿತು. ಆಗ ಮುಂಬಯಿ ಪ್ರಾಂತದ ಗವರ್ನರ್ ಆಗಿ ಬಂದ ಸರ್ ವಿಲಿಯಂ ಫಿಟ್ಜ್‌ಜೆರಾಲ್ಡ್ ಅವರ ಹೆಸರು ಅದಕ್ಕೆ ಸಂದಿತು. ಸೇನೆಯ ಎಂಜಿನಿಯರ್ ಕ್ಯಾಪ್ಟನ್ ರಾಬರ್ಟ್ ಸೆಲ್ಲನ್ ಅದರ ವಿನ್ಯಾಸಕಾರ. ಸಾಲುಗಮಾನುಗಳ ಮೇಲೆ ನಿಂತ ಈ ಕಲ್ಲುಸೇತುವೆಯ ತುದಿಗಳಲ್ಲಿ ಸಿಂಹದ ಪ್ರತಿಮೆಗಳಿವೆ.

ಕಮಾನುಸೇತುವೆಯ ತತ್ತ್ವ ಸರಳವಾದರೂ ಸೂಕ್ಷ್ಮವಾದುದು. ಕಲ್ಲು ಒತ್ತಡವನ್ನು ತಾಳುತ್ತದೆ, ಎಳೆತವನ್ನು ತಾಳದು. ಆದ್ದರಿಂದ ಕಲ್ಲಿನ ಚಪ್ಪಡಿಯನ್ನು ಬಹುದೂರ ಚಾಚಿ ಇಡಲಾಗುವುದಿಲ್ಲ. ಬೆಣೆಯಾಕಾರದಲ್ಲಿ ಕಡೆದ ಕಲ್ಲುಗಳನ್ನು ಬಾಗಿಸಿ ಜೋಡಿಸಿದಾಗ ಮೇಲಿನ ಭಾರ ಪ್ರತಿ ಕಲ್ಲನ್ನೂ ಪಕ್ಕದ ಕಲ್ಲಿಗೆ ಒತ್ತುತ್ತ ಕೊನೆಗೆ ಕಂಬದ ಮೂಲಕ ನೆಲಕ್ಕೆ ಇಳಿಯುತ್ತದೆ. ಕಮಾನಿನ ಬೆನ್ನಿಗೂ ರಸ್ತೆಯ ಮಟ್ಟಕ್ಕೂ ನಡುವಣ ಭಾಗವನ್ನು ತುಂಬಿದಾಗ ಆ ತುಂಬು ಕಮಾನನ್ನು ಅಲುಗದಂತೆ ಹಿಡಿದಿಡುತ್ತದೆ. ಕಲ್ಲುಗಳ ನಡುವಣ ಸುಣ್ಣದ ಗಾರೆ ಬಿಸಿಲು ಮಳೆಗಳಲ್ಲಿ ತುಸುವೇ ಹಿಗ್ಗಿ ಕುಗ್ಗಲು ಎಡೆಗೊಟ್ಟು, ಒಳಸೇರಿದ ತೇವವನ್ನು ಹೊರಬಿಡುತ್ತದೆ.

ಇದರೊಡನೆ ಶ್ರೀರಂಗಪಟ್ಟಣದ ವೆಲ್ಲೆಸ್ಲಿ ಸೇತುವೆಯನ್ನು ಹೋಲಿಸಿ ನೋಡುವುದು ಉಪಯುಕ್ತ. ದಿವಾನ್ ಪೂರ್ಣಯ್ಯನವರ ಕಾಲದಲ್ಲಿ, 1804ರಲ್ಲಿ, ಕಾವೇರಿಗೆ ಕಟ್ಟಿದ ಆ ಸೇತುವೆಯಲ್ಲಿ ಕಮಾನುಗಳಿಲ್ಲ. ಒತ್ತೊತ್ತಾಗಿ ನಿಲ್ಲಿಸಿದ ಕಲ್ಲುಕಂಬಗಳ ಮೇಲೆ ಕಲ್ಲಿನ ತೊಲೆಗಳನ್ನು ಹೊಂದಿಸಿದ ಅದರ ರೀತಿ ದೇವಾಲಯಗಳ ಮಂಟಪ ನಿರ್ಮಾಣದ ವಿಧಾನಕ್ಕೆ ಹತ್ತಿರವಾದುದು. ಹೆಸರು ಇಂಗ್ಲಿಷರದಾದರೂ ಕೈಚಳಕ ನಾಡಿನ ಕಲ್ಲುಕುಟಿಗರದು. ಪುಣೆಯ ಸಂಗಮದಲ್ಲಿಯೂ ವೆಲ್ಲೆಸ್ಲಿ ಹೆಸರಿನ ಸೇತುವೆಯೊಂದಿದೆ. ಮೊದಲಿನ ಮರದ ಸೇತುವೆಯ ಜಾಗದಲ್ಲಿ 1875ರಲ್ಲಿ ಕಲ್ಲಿನದು ಎದ್ದಿತು. ಜನ ಅದನ್ನು ಸಂಗಮ ಸೇತುವೆ ಎಂದೇ ಕರೆಯುತ್ತಾರೆ. ಮುಠಾ ನದಿಯ ಮೇಲಣ ಲಕಡಿ ಪೂಲಿನ ಕಥೆಯೂ ಇಂಥದೇ. 1761ರ ಪಾಣಿಪತ್ ಸೋಲಿನ ತರುವಾಯ ಪೇಶ್ವೆಯರ ಕಾಲದಲ್ಲಿ ಮರದಿಂದ ಕಟ್ಟಿದುದೆಂದು ಹೇಳಲಾಗುವ ಆ ಸೇತುವೆ ಎಂದೋ ಕಲ್ಲಿನದಾಯಿತು. ಮುಂದೆ ಅದಕ್ಕೆ ಸಂಭಾಜಿ ಸೇತುವೆ ಎಂಬ ಹೆಸರನ್ನಿಡಲಾಯಿತು. ಆದರೂ ‘ಕಟ್ಟಿಗೆಯ ಸೇತುವೆ’ ಎಂಬ ಅರ್ಥದ ಹಳೆಯ ಹೆಸರು ಅಳಿದಿಲ್ಲ. ಮರ ಹೋದರೂ ಮಾತು ಉಳಿದಿದೆ. ಸ್ಥಳನಾಮಗಳೂ ಪರಂಪರೆಯ ಭಾಗವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ.

ದೋಣಿಮನೆಗಳು

ಕಟ್ಟೆಯಿಂದ ನಿಂತ ನೀರು ಮತ್ತೊಂದು ಬಗೆಯ ಕಟ್ಟಡಕ್ಕೆ ಎಡೆಮಾಡಿತು. 1868ರಲ್ಲಿ ಆರಂಭವಾದ ದೋಣಿವಿಹಾರ ಸಂಘ, ಡ್ಯೂಕ್ ಆಫ್ ಕನಾಟ್ ಅವರ ಹೆಸರಿನಿಂದ ರಾಯಲ್ ಕನಾಟ್ ಬೋಟ್ ಕ್ಲಬ್ ಎಂದು ಪ್ರಸಿದ್ಧವಾಯಿತು. ಸಮೀಪದ ಬೋಟ್ ಕ್ಲಬ್ ರಸ್ತೆಯ ಹೆಸರೂ ಈ ಸಂಪ್ರದಾಯವನ್ನೇ ನೆನಪಿಸುತ್ತದೆ. ಇದೇ ಜಲಪಥದ ಮೇಲ್ಭಾಗದಲ್ಲಿ, ಸಂಗಮದ ಬಳಿ, ಪುಣೆಯ ಎಂಜಿನಿಯರಿಂಗ್ ಕಾಲೇಜಿನ ಬೋಟ್ ಕ್ಲಬ್ 1928ರಲ್ಲಿ ಸ್ಥಾಪನೆಯಾಯಿತು. ಅಲ್ಲಿಯ ವಿದ್ಯಾರ್ಥಿಗಳು ನಡೆಸುವ ‘ರೆಗಾಟಾ’ ಎಂಬ ಜಲೋತ್ಸವ ನಗರದ ಸಾಂಸ್ಕೃತಿಕ ಬದುಕಿನ ಅಂಗವಾಗಿದೆ. ದೋಣಿಗಳನ್ನು ಬಾಣದ ಆಕಾರದಲ್ಲಿ ಹೊಂದಿಸಿ ಸಾಗುವುದು, ಪಂಜುಗಳ ಕುಣಿತ ಮೊದಲಾದವು ಅದರ ಆಕರ್ಷಣೆಗಳು.

ದೋಣಿಮನೆಯ ವಾಸ್ತುವನ್ನು ನಿರ್ಧರಿಸುವುದು ಎರಡು ಸಂಗತಿಗಳು: ದೋಣಿಯ ಉದ್ದ ಮತ್ತು ನೀರಿನ ಮಟ್ಟ. ಎಂಟು ಜನ ಹುಟ್ಟುಹಾಕುವ ಪಂದ್ಯದ ದೋಣಿ ಹದಿನೇಳು ಮೀಟರಿಗೂ ಮೀರಿ ಉದ್ದವಿರುತ್ತದೆ. ಒಬ್ಬನೇ ನಡೆಸುವುದು ಸುಮಾರು ಎಂಟು ಮೀಟರ್. ಇವನ್ನು ಮಡಚಲಾಗದು, ತಿರುಗಿಸಲು ಹೆಚ್ಚು ಜಾಗ ಬೇಕು. ಆದ್ದರಿಂದ ಕೆಳಅಂತಸ್ತು ಕಂಬಗಳ ಅಡ್ಡಿಯಿಲ್ಲದ ಉದ್ದನೆಯ ಅಂಕಣವಾಗಿ, ಬಾಗಿಲು ನದಿಗೆ ಅಭಿಮುಖವಾಗಿ ಇರಬೇಕಾಗುತ್ತದೆ. ಬಾಗಿಲಿನಿಂದ ನೀರಿಗೆ ಇಳಿಜಾರು ಅಥವಾ ಮೆಟ್ಟಿಲು ಬೇಕು. ದೋಣಿಯನ್ನು ಹೆಗಲ ಮೇಲೆ ಹೊತ್ತು ಇಳಿಯುವ ದೂರ ಕಡಿಮೆಯಿರಬೇಕೆಂದು ಕಟ್ಟಡ ನೀರಿನ ಅಂಚಿಗೆ ಬರುತ್ತದೆ. ಪ್ರವಾಹದ ಭಯವಿರುವುದರಿಂದ ತೀರ ಕೆಳಗಿಳಿಯಲಾರದು. ಈ ಎರಡರ ನಡುವಣ ಹದವನ್ನು ಆ ನದಿಯನ್ನು ಹಲವು ವರ್ಷ ನೋಡಿದವರು ಮಾತ್ರ ಅರಿಯಬಲ್ಲರು. ಹೀಗಾಗಿ ದೋಣಿಮನೆಯ ಜಗಲಿಯ ಎತ್ತರವೆಂದರೆ ಒಂದು ಕಾಲದ ನೀರಿನ ನಡೆಯ ಲಿಖಿತ ದಾಖಲೆಯೇ ಸರಿ. ನೀರು ದೂರ ಸರಿದರೆ, ಅಥವಾ ನಡುವೆ ಎತ್ತರದ ಗೋಡೆ ಎದ್ದರೆ, ಕಟ್ಟಡ ಅಳಿಯದೆಯೂ ದೋಣಿಮನೆ ಅಳಿಯುತ್ತದೆ.

ದಂಡೆಯ ವಿದ್ಯಾಲಯಗಳು ಮತ್ತು ಕನ್ನಡ

ಈ ದಂಡೆ ಕನ್ನಡಿಗರಿಗೆ ಹೊರಗಿನದಲ್ಲ. ಧಾರವಾಡದಲ್ಲಿ 1917ರಲ್ಲಿ ಕರ್ನಾಟಕ ಕಾಲೇಜು ಆರಂಭವಾಗುವವರೆಗೆ ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳ ತರುಣರಿಗೆ ಉನ್ನತ ಶಿಕ್ಷಣವೆಂದರೆ ಪುಣೆ ಅಥವಾ ಮುಂಬಯಿಯೇ ಆಗಿತ್ತು. ಫಿಟ್ಜ್‌ಜೆರಾಲ್ಡ್ ಸೇತುವೆಯ ಆಚೆ ಯೆರವಡೆಯಲ್ಲಿ ಡೆಕ್ಕನ್ ಕಾಲೇಜಿನ ಗಾಥಿಕ್ ಶೈಲಿಯ ಕಲ್ಲುಕಟ್ಟಡ 1868ರಲ್ಲಿ ಬಳಕೆಗೆ ಬಂದಿತು. ಸೇತುವೆ, ದೋಣಿಸಂಘ, ಕಾಲೇಜು ಮೂರೂ ಒಂದೆರಡು ವರ್ಷಗಳ ಅಂತರದಲ್ಲಿ ಮೈದಳೆದುದು ಗಮನಾರ್ಹ. ನಾಟಕಕಾರ ಶ್ರೀರಂಗರು ಈ ಕಾಲೇಜಿನಲ್ಲಿ ಓದಿದವರು. 1939ರಲ್ಲಿ ಅದು ಸಂಶೋಧನ ಸಂಸ್ಥೆಯಾಗಿ ಮರುಹುಟ್ಟು ಪಡೆದ ಮೇಲೆ, ಜಿ. ಎಸ್. ಗಾಯಿ ಅವರು ಶಾಸನಗಳ ಆಧಾರದಿಂದ ರಚಿಸಿದ ಹಳಗನ್ನಡದ ಐತಿಹಾಸಿಕ ವ್ಯಾಕರಣವನ್ನು 1946ರಲ್ಲಿ ಪ್ರಕಟಿಸಿತು. ಕನ್ನಡ ಭಾಷಾವಿಜ್ಞಾನದ ಒಂದು ಮುಖ್ಯ ಗ್ರಂಥ ಬೆಳಕು ಕಂಡುದು ಈ ನದೀದಂಡೆಯಲ್ಲಿ.

ಸಂಗಮದ ಬಳಿಯ ಎಂಜಿನಿಯರಿಂಗ್ ಕಾಲೇಜು 1854ರಲ್ಲಿ ಆರಂಭವಾದ ತರಗತಿಯಿಂದ ಬೆಳೆದುದು. 2022ರಲ್ಲಿ ತಂತ್ರಜ್ಞಾನ ವಿಶ್ವವಿದ್ಯಾಲಯವಾಯಿತು. ಅದು ಕಾಲೇಜ್ ಆಫ್ ಸೈನ್ಸ್ ಎಂದು ಹೆಸರಾಗಿದ್ದಾಗ ಮೈಸೂರು ಸರಕಾರದ ವಿದ್ಯಾರ್ಥಿವೇತನ ಪಡೆದು ಬಂದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು 1883ರಲ್ಲಿ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಅಗ್ರಸ್ಥಾನ ಪಡೆದರು. ಇದೇ ಮುಠಾ ನದಿಯ ಮೇಲ್ಭಾಗದ ಖಡಕವಾಸಲಾ ಜಲಾಶಯಕ್ಕೆ 1903ರಲ್ಲಿ ಅವರು ಅಳವಡಿಸಿದ ಸ್ವಯಂಚಾಲಿತ ಬಾಗಿಲುಗಳು ಪ್ರಖ್ಯಾತವಾದವು. ಅಣೆಕಟ್ಟಿನ ಗೋಡೆಯನ್ನು ಎತ್ತರಿಸದೆಯೇ ಹೆಚ್ಚು ನೀರು ಹಿಡಿಯುವುದು, ಪ್ರವಾಹ ಬಂದಾಗ ಬಾಗಿಲು ತಾನಾಗಿ ತೆರೆದು ನೀರಿಗೆ ದಾರಿ ಬಿಡುವುದು ಅದರ ಸಾರ. ನದಿಯನ್ನು ಕಟ್ಟಿಯೂ ನದಿಗೆ ಎಡೆಗೊಡುವ ಈ ವಿವೇಕ ಇಂದಿನ ಚರ್ಚೆಗೂ ಪ್ರಸ್ತುತ.

ಮೌಲ್ಯದ ನಿರ್ಣಯ

ಪರಂಪರೆಯ ಮೌಲ್ಯವನ್ನು ಸಾಮಾನ್ಯವಾಗಿ ವಾಸ್ತು, ಇತಿಹಾಸ, ತಂತ್ರ, ಸಾಮಾಜಿಕ ಬಳಕೆ ಎಂಬ ನಾಲ್ಕು ನೆಲೆಗಳಲ್ಲಿ ಅಳೆಯಲಾಗುತ್ತದೆ. ನಗರಗಳ ಪರಂಪರೆಯ ಪಟ್ಟಿಗಳು ಬಹುಮಟ್ಟಿಗೆ ಕಟ್ಟಡಗಳ ಪಟ್ಟಿಗಳು. ಒಂದೊಂದಕ್ಕೂ ಒಂದು ಸಂಖ್ಯೆ, ಒಂದು ಶ್ರೇಣಿ. ಈ ಕ್ರಮದಿಂದ ಅನೇಕ ಕಟ್ಟಡಗಳು ಉಳಿದಿವೆ ಎಂಬುದು ನಿಜ. ಆದರೆ ಕಟ್ಟೆ, ದಂಡೆ, ನೀರಿನ ಹರವು ಇವುಗಳಿಗೆ ಆ ಪಟ್ಟಿಯಲ್ಲಿ ಎಡೆ ದೊರೆಯುವುದು ಕಷ್ಟ. ಸ್ಮಾರಕವನ್ನು ಅದರ ಪರಿಸರದಿಂದ ಬೇರ್ಪಡಿಸಲಾಗದು ಎಂಬ ತತ್ತ್ವವನ್ನು 1964ರ ವೆನಿಸ್ ಸನ್ನದು ಸಾರಿತ್ತು. 2005ರಲ್ಲಿ ಚೀನಾದ ಷಿಯಾನ್ ನಗರದಲ್ಲಿ ಹೊರಟ ಘೋಷಣೆ ಸುತ್ತಲಿನ ನೆಲೆಯೂ ಮೌಲ್ಯದ ಅಂಗವೆಂದು ಮತ್ತಷ್ಟು ಸ್ಪಷ್ಟಪಡಿಸಿತು. ಬಂಡ್ ಗಾರ್ಡನ್ ಪರಿಸರಕ್ಕೆ ಈ ತತ್ತ್ವ ಅಕ್ಷರಶಃ ಅನ್ವಯಿಸುತ್ತದೆ. ಕಟ್ಟೆಯಿಲ್ಲದಿದ್ದರೆ ನಿಂತ ನೀರಿಲ್ಲ. ನೀರಿಲ್ಲದಿದ್ದರೆ ದೋಣಿಮನೆಯಿಲ್ಲ, ಉದ್ಯಾನಕ್ಕೆ ಹೆಸರೂ ಇಲ್ಲ.

ಈ ರಚನೆಗಳು ವಸಾಹತು ಆಳ್ವಿಕೆಯ ಫಲಗಳು, ದೋಣಿಸಂಘಗಳು ಮೊದಲಿಗೆ ಆಳುವವರ ವಿನೋದಕ್ಕಾಗಿ ಇದ್ದವು ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಆದರೆ ಅವುಗಳ ಹಿಂದೆ ಭಾರತೀಯ ದಾನಿಗಳ ಧನ, ಭಾರತೀಯ ಕಲ್ಲುಕುಟಿಗರ ಶ್ರಮ ಇವೆ. ಹಲವು ತಲೆಮಾರುಗಳ ವಿದ್ಯಾರ್ಥಿಗಳು ಅವನ್ನು ತಮ್ಮದಾಗಿಸಿಕೊಂಡಿದ್ದಾರೆ. ಪರಂಪರೆ ಎಂಬುದು ಕಟ್ಟಿಸಿದವರಿಗಷ್ಟೇ ಸೇರಿದುದಲ್ಲ, ಬಳಸಿದವರಿಗೂ ಸೇರಿದುದು.

ಇಂದಿನ ಸ್ಥಿತಿ

1961ರ ಜುಲೈ 12ರಂದು ಪಾನ್‌ಶೇತ್ ಅಣೆಕಟ್ಟು ಒಡೆದು, ಖಡಕವಾಸಲಾ ಕೂಡ ಬಿರಿದು ಪುಣೆಯನ್ನು ಮುಳುಗಿಸಿದ ಪ್ರವಾಹವನ್ನು ಕಂಡೂ ಫಿಟ್ಜ್‌ಜೆರಾಲ್ಡ್ ಸೇತುವೆ ಉಳಿಯಿತು. ಪಕ್ಕದಲ್ಲಿ ಹೊಸ ಸೇತುವೆ ಬಂದ ಮೇಲೆ ವಾಹನಗಳ ಭಾರದಿಂದ ಬಿಡುಗಡೆ ಪಡೆದು, ಪಾದಚಾರಿಗಳ ಮತ್ತು ಕಲಾಪ್ರದರ್ಶನದ ತಾಣವಾಗಿ ರೂಪುಗೊಂಡಿತು. ಇದು ಒಳ್ಳೆಯ ಮಾರ್ಗ. ಬಳಕೆಯಿಲ್ಲದ ಸೇತುವೆ ಬೇಗ ಶಿಥಿಲವಾಗುತ್ತದೆ. ಆದರೆ ದುರಸ್ತಿಯಲ್ಲಿ ಎಚ್ಚರ ಬೇಕು. ಹಳೆಯ ಸುಣ್ಣದ ಗಾರೆಯ ಜಾಗದಲ್ಲಿ ಗಟ್ಟಿ ಸಿಮೆಂಟು ತುಂಬಿದರೆ ತೇವ ಒಳಗೇ ಉಳಿದು ಕಲ್ಲನ್ನು ತಿನ್ನುತ್ತದೆ.

ಕಲ್ಲಿಗಿಂತ ಹೆಚ್ಚಿನ ಆತಂಕ ನೀರಿನದು. ನಗರದ ಕೊಳಚೆ ನದಿಗೆ ಸೇರುತ್ತಿದೆ. ಮರಾಠಿಯಲ್ಲಿ ಜಲಪರ್ಣಿ ಎನ್ನುವ ನೀರುಕಳೆ ಹರವನ್ನು ಮುಚ್ಚಿ ದೋಣಿಗಳ ದಾರಿ ಕಟ್ಟುತ್ತದೆ. 2022ರ ಮಾರ್ಚ್‌ನಲ್ಲಿ ಶಂಕುಸ್ಥಾಪನೆಯಾದ, ಸುಮಾರು 44 ಕಿಲೋಮೀಟರ್ ಉದ್ದದ ನದೀತೀರ ಅಭಿವೃದ್ಧಿ ಯೋಜನೆಯಲ್ಲಿ ಸಂಗಮದಿಂದ ಬಂಡ್ ಗಾರ್ಡನ್‌ವರೆಗಿನ ಭಾಗವೂ ಸೇರಿದೆ. ನದಿಯತ್ತ ಬೆನ್ನು ತಿರುಗಿಸಿದ್ದ ನಗರ ಮತ್ತೆ ಮುಖ ಮಾಡಲಿ ಎಂಬುದು ಅದರ ಸಮರ್ಥಕರ ವಾದ. ದಂಡೆಗಳ ಒತ್ತುವಿಕೆಯಿಂದ ನದಿಯ ಪಾತ್ರ ಕಿರಿದಾಗಿ ಪ್ರವಾಹದ ಮಟ್ಟ ಏರುವುದೆಂಬುದು ಪರಿಸರಾಸಕ್ತರ ಆಕ್ಷೇಪ. ಪರಂಪರೆಯ ದೃಷ್ಟಿಯಿಂದ ಕೇಳಬೇಕಾದ ಪ್ರಶ್ನೆಗಳು ಬೇರೆ ಇವೆ. ದೋಣಿಮನೆಯ ಬಾಗಿಲಿನಿಂದ ನೀರಿಗೆ ಇಳಿಯುವ ದಾರಿ ಉಳಿಯುತ್ತದೆಯೇ? ಹಳೆಯ ಕಟ್ಟೆಯ ಮಟ್ಟ ಹಾಗೆಯೇ ಇರುತ್ತದೆಯೇ? ಕಮಾನುಗಳ ಕಾಲು ಮೊದಲಿನಂತೆ ಕಾಣುತ್ತದೆಯೇ? ಇವನ್ನು ಕಾಮಗಾರಿಗೆ ಮುನ್ನವೇ ಅಳತೆ, ನಕ್ಷೆ, ಛಾಯಾಚಿತ್ರಗಳ ಮೂಲಕ ದಾಖಲಿಸುವುದು ಅಗತ್ಯ. ಸ್ಥಳನಾಮಗಳು, ದೋಣಿಕಾರರ ಮತ್ತು ತೋಟಿಗರ ಬಳಕೆಯ ಮಾತುಗಳು ಆ ದಾಖಲೆಗೆ ಸೇರಬೇಕು. ಈ ಕೆಲಸದಲ್ಲಿ ಎಂಜಿನಿಯರರಷ್ಟೇ ಪಾತ್ರ ಭಾಷೆಯ ವಿದ್ಯಾರ್ಥಿಗಳಿಗೂ ಇದೆ.

ಬಂಡ್ ಗಾರ್ಡನ್ನಿನ ಕಟ್ಟೆಯನ್ನು ದಾಟಿದ ನೀರು ಭೀಮೆಯನ್ನು ಕೂಡಿ, ಪಂಢರಾಪುರದಲ್ಲಿ ಚಂದ್ರಭಾಗೆ ಎನಿಸಿ, ಕರ್ನಾಟಕವನ್ನು ಹೊಕ್ಕು, ಗಾಣಗಾಪುರ ಸನ್ನತಿಗಳನ್ನು ಹಾಯ್ದು, ರಾಯಚೂರಿನ ಉತ್ತರಕ್ಕೆ ಕೃಷ್ಣೆಯನ್ನು ಸೇರುತ್ತದೆ. ಪುಣೆಯಲ್ಲಿ ಆ ನೀರಿಗೆ ಆಗುವ ಒಳಿತು ಕೆಡುಕುಗಳು ಕೆಳಗಿನ ಕನ್ನಡ ಊರುಗಳಿಗೂ ತಲಪುತ್ತವೆ. ಮುಳಾ-ಮುಠಾ ದಂಡೆಯ ಅಧ್ಯಯನವನ್ನು ಪುಣೆಯ ಸ್ಥಳೀಯ ಇತಿಹಾಸವೆಂದು ಮಾತ್ರ ಎಣಿಸದೆ, ಭೀಮಾ ಕೊಳ್ಳದ ಒಟ್ಟು ಚರಿತ್ರೆಯ ಮೊದಲ ಅಧ್ಯಾಯವೆಂದು ಕೈಗೆತ್ತಿಕೊಳ್ಳುವುದು ಉಚಿತ.