ಆಪತ್ಪರಿಹಾರದಲ್ಲಿ ಕುಟುಂಬ ಯೋಜನೆಯ ಸ್ಥಾನ

ನೆರೆ, ಭೂಕಂಪ, ಚಂಡಮಾರುತಗಳಿಗೆ ಸಿಕ್ಕಿ ಮನೆ ಮಠ ಕಳೆದುಕೊಂಡವರಿಗೆ ಅನ್ನ, ನೀರು, ಆಸರೆಗಳನ್ನು ಒದಗಿಸುವುದೇ ಪರಿಹಾರಕಾರ್ಯವೆಂಬುದು ಬಹುಕಾಲದಿಂದ ಬಂದ ಭಾವನೆ. ಕುಟುಂಬ ಯೋಜನೆಯಾದರೋ ನೆಮ್ಮದಿಯ ಕಾಲಕ್ಕೆ ಸೇರಿದ ವಿಷಯವೆಂದು ತೋರಬಹುದು. ಆದರೆ ಗರ್ಭಧಾರಣವು ಆಪತ್ತು ಕಳೆಯಲೆಂದು ಕಾಯತಕ್ಕದ್ದಲ್ಲ. ನಿತ್ಯವೂ ಗುಳಿಗೆ ಸೇವಿಸುವವಳ ಗುಳಿಗೆಗಳು ಮನೆಯೊಡನೆ ಕೊಚ್ಚಿಹೋದರೆ ಕೆಲವೇ ದಿನಗಳಲ್ಲಿ ಆಕೆಯ ರಕ್ಷಣೆ ಮುಗಿಯುತ್ತದೆ. ಮೂರು ತಿಂಗಳಿಗೊಮ್ಮೆ ಚುಚ್ಚುಮದ್ದು ಪಡೆಯುವವಳಿಗೆ ಮುಂದಿನ ಸರದಿಯ ಹೊತ್ತಿಗೆ ಆಸ್ಪತ್ರೆಯೇ ಇಲ್ಲವಾಗಬಹುದು. ಪ್ರಸವಕ್ಕೆ ನೆರವಿಲ್ಲದ ಅಂಥ ಸಮಯದಲ್ಲಿ ಬಯಸದ ಬಸಿರು ಪ್ರಾಣಕ್ಕೇ ಎರವಾದೀತು.

ಈ ವಿಷಯವು ಪರಿಹಾರಸಂಸ್ಥೆಗಳಲ್ಲಿ ವಿಶೇಷ ಮನ್ನಣೆಯನ್ನು ಪಡೆದುದು ೧೯೯೪ರ ಕೈರೋ ಜನಸಂಖ್ಯಾ ಸಮ್ಮೇಳನದ ತರುವಾಯ. ೧೯೯೫ರಲ್ಲಿ ವಿಶ್ವಸಂಸ್ಥೆಯ ಅಂಗಗಳೂ ಸೇವಾಸಂಘಗಳೂ ಕೂಡಿ ಒಂದು ಕಾರ್ಯಮಂಡಲಿಯನ್ನು ಏರ್ಪಡಿಸಿದುವು. ಆಪತ್ತಿನ ಆರಂಭದಲ್ಲಿಯೇ ಸಲ್ಲಿಸಬೇಕಾದ ಕನಿಷ್ಠ ಸೇವೆಗಳ ಕ್ರಮವು ಈ ಯತ್ನದಿಂದ ರೂಪುಗೊಂಡಿತು. ಅನಪೇಕ್ಷಿತ ಗರ್ಭದ ನಿವಾರಣೆಯು ಅದರಲ್ಲಿ ಪ್ರತ್ಯೇಕ ಉದ್ದೇಶವಾಗಿ ಸೇರಿದುದು ೨೦೧೮ರ ಪರಿಷ್ಕರಣದಲ್ಲಿ. ಇಲ್ಲಿ ಕಾಲವೇ ಮುಖ್ಯ. ಬಲಾತ್ಕಾರಕ್ಕೊಳಗಾದವಳಿಗೆ ಕೊಡುವ ತುರ್ತು ಗುಳಿಗೆಯು ೫ ದಿನಗಳೊಳಗೆ ಸಲ್ಲಬೇಕು. ಬೇಗ ದೊರೆತಷ್ಟೂ ಫಲ ಹೆಚ್ಚು. ದಾರಿ ಕಡಿದುಹೋದ ಮೇಲೆ ದೂರದಿಂದ ಔಷಧ ತರಿಸಹೊರಟರೆ ಈ ಅವಧಿ ಮೀರಿಹೋಗುತ್ತದೆ. ಆದುದರಿಂದ ಸಾಮಗ್ರಿಯನ್ನು ಮುಂಚಿತವಾಗಿಯೇ ಕೂಡಿಡಬೇಕಾಗುತ್ತದೆ.

ಯೋಜನೆಯೆಂದರೆ ಕೇವಲ ನಿರೋಧವೆಂದು ತಿಳಿಯಲಾಗದು. ೨೦೦೪ನೆಯ ಡಿಸೆಂಬರ್ ೨೬ರ ಸುನಾಮಿಯಲ್ಲಿ ತಮಿಳುನಾಡಿನ ನಾಗಪಟ್ಟಣ ಜಿಲ್ಲೆಯೊಂದರಲ್ಲಿಯೇ ೬,೦೦೦ಕ್ಕೆ ಮೇಲ್ಪಟ್ಟು ಜನ ಮಡಿದರು. ಅವರಲ್ಲಿ ಮಕ್ಕಳು ಅನೇಕರು. ಮಕ್ಕಳನ್ನು ಕಳೆದುಕೊಂಡ ತಾಯಂದಿರಲ್ಲಿ ಹಲವರು, ಇನ್ನು ಸಾಕೆಂದು ಸಂತಾನಹರಣ ಶಸ್ತ್ರಚಿಕಿತ್ಸೆಯನ್ನು ಮಾಡಿಸಿಕೊಂಡಿದ್ದವರು. ಮತ್ತೆ ಮಗುವನ್ನು ಬಯಸಿದವರಿಗಾಗಿ, ಕತ್ತರಿಸಿದ ನಾಳಗಳನ್ನು ಪುನಃ ಕೂಡಿಸುವ ಚಿಕಿತ್ಸೆಯನ್ನು ರಾಜ್ಯ ಸರಕಾರವು ಉಚಿತವಾಗಿ ಏರ್ಪಡಿಸಿತು. ಆದರೆ ಇದರ ಫಲ ನಿಶ್ಚಿತವಲ್ಲ; ಉಳಿದ ನಾಳದ ಉದ್ದ, ಸ್ತ್ರೀಯ ವಯಸ್ಸು ಮುಂತಾದುವನ್ನು ಅದು ಅವಲಂಬಿಸಿರುತ್ತದೆ. ನಾಳ ಕೂಡಿದರೂ ಮಡಿಲು ತುಂಬೀತೆಂಬ ಭರವಸೆಯಿಲ್ಲ.

ಇದರಿಂದ ಎರಡು ನಿಯಮಗಳು ಸಿದ್ಧಿಸುತ್ತವೆ. ಶೋಕದಲ್ಲಿಯೂ ದಿಕ್ಕುಗೆಟ್ಟ ಸ್ಥಿತಿಯಲ್ಲಿಯೂ ಇರುವವರನ್ನು ಶಾಶ್ವತೋಪಾಯಕ್ಕೆ ಒತ್ತಾಯಪಡಿಸಬಾರದು. ಅನ್ನವಸ್ತ್ರಗಳ ನೆರವಿಗೂ ಈ ಸೇವೆಗೂ ಗಂಟುಹಾಕಬಾರದು. ಎರಡನೆಯದಾಗಿ, ತೋಳಿನಲ್ಲಿ ನೆಟ್ಟ ಕಡ್ಡಿಯನ್ನಾಗಲಿ ಗರ್ಭಾಶಯದ ಸಾಧನವನ್ನಾಗಲಿ ಇಡಬಲ್ಲ ಶಿಬಿರವು, ಕೇಳಿದಾಗ ಅದನ್ನು ತೆಗೆಯಲೂ ಸಿದ್ಧವಾಗಿರಬೇಕು. ಎಲ್ಲವನ್ನೂ ಕಳೆದುಕೊಂಡವಳಿಗೆ ತನ್ನ ದೇಹದ ಮೇಲಣ ಅಧಿಕಾರವಾದರೂ ಉಳಿಯಬೇಕಾದರೆ ಈ ಎರಡೂ ಅವಶ್ಯಕ.