ಸೀನ್ ಫೈಲ್: ಸಣ್ಣ ಕ್ಯಾಮೆರಾದೊಳಗಿನ ಸಿನಿಮಾ

2002ರಲ್ಲಿ ಪ್ಯಾನಾಸೋನಿಕ್ ಕಂಪನಿ ಎಜಿ-ಡಿವಿಎಕ್ಸ್100 ಎಂಬ ವಿಡಿಯೋ ಕ್ಯಾಮೆರಾವನ್ನು ಮಾರುಕಟ್ಟೆಗೆ ತಂದಿತು. ಒಳಗೆ ಮಿನಿಡಿವಿ ಟೇಪು, ಬದಲಿಸಲು ಬಾರದ ಲೆನ್ಸು, ಉಗುರಿಗಿಂತ ಚಿಕ್ಕದಾದ ಮೂರು ಸೆನ್ಸರ್. ಮೈಮೇಲೆ ಮಾತ್ರ ಆರು ಸ್ಥಾನಗಳ ಒಂದು ಡಯಲ್ ಇತ್ತು. ಅದರ ಹೆಸರು ಸೀನ್ ಫೈಲ್. ಬಣ್ಣ ಎಷ್ಟು ಗಾಢವಿರಬೇಕು, ನೆರಳು ಎಷ್ಟು ಕಪ್ಪಾಗಬೇಕು, ಬಿಸಿಲಿನ ಬಿಳುಪು ಎಲ್ಲಿ ನಿಲ್ಲಬೇಕು ಎಂಬುದನ್ನೆಲ್ಲ ಮೆನುವಿನಲ್ಲಿ ತಿದ್ದಿ, ಒಂದೊಂದು ಸ್ಥಾನದಲ್ಲಿ ಒಂದೊಂದು ಬಗೆಯ ನೋಟವನ್ನು ಉಳಿಸಿಡಬಹುದಿತ್ತು. ಸಿನಿಮಾದ ಲ್ಯಾಬಿನಲ್ಲಿ ನಡೆಯುತ್ತಿದ್ದ ಕೆಲಸದ ಒಂದು ಪಾಲು, ಕೈಯಲ್ಲಿ ದುಡ್ಡಿಲ್ಲದ ಹುಡುಗ ಹುಡುಗಿಯರಿಗೂ ಎಟುಕಿದ್ದು ಆಗ.

ಅಲ್ಲಿಯವರೆಗೆ ವಿಡಿಯೋದಲ್ಲಿ ಚಿತ್ರೀಕರಿಸಿದ ಕಥೆ, ಕಥೆ ಎಷ್ಟೇ ಚೆನ್ನಾಗಿದ್ದರೂ, ಟಿವಿ ವಾರ್ತೆಯಂತೆಯೇ ಕಾಣುತ್ತಿತ್ತು. ಅದಕ್ಕೆ ಖಚಿತವಾದ ಕಾರಣಗಳಿದ್ದವು. ಸಿನಿಮಾ ಸೆಕೆಂಡಿಗೆ 24 ಪೂರ್ಣ ಚಿತ್ರಗಳನ್ನು ತೋರಿಸುತ್ತದೆ. ನಮ್ಮ ದೇಶ ಅನುಸರಿಸುತ್ತಿದ್ದ ಪಾಲ್ ಪದ್ಧತಿಯ ಟಿವಿ, ಸೆಕೆಂಡಿಗೆ 50 ಅರ್ಧ ಚಿತ್ರಗಳನ್ನು ಒಂದರೊಳಗೊಂದು ಹೆಣೆದು ತೋರಿಸುತ್ತಿತ್ತು. ಅದರಿಂದ ಚಲನೆ ಅತಿ ನುಣುಪಾಗಿ, ಪಕ್ಕದ ಕೋಣೆಯಲ್ಲಿ ಈಗಲೇ ನಡೆಯುತ್ತಿದೆ ಎಂಬಂತೆ ಕಾಣುತ್ತಿತ್ತು. ಕ್ರಿಕೆಟ್ ನೋಡುವವನಿಗೆ ಅದು ವರ. ಕಥೆ ಹೇಳುವವನಿಗೆ ತೊಡಕು. ಡಿವಿಎಕ್ಸ್100 ಅಮೆರಿಕದ ಮಾರುಕಟ್ಟೆಗೆ 24 ಪೂರ್ಣ ಫ್ರೇಮ್‌ಗಳನ್ನು ಕೊಟ್ಟಿತು, ಪಾಲ್ ದೇಶಗಳಿಗೆ ಬಂದ ಮಾದರಿ 25 ಫ್ರೇಮ್ ಕೊಟ್ಟಿತು. ಈ ಎರಡರ ನಡುವಿನ ವ್ಯತ್ಯಾಸ ಕಣ್ಣಿಗೆ ತಿಳಿಯುವಂಥದ್ದಲ್ಲ.

ಫ್ರೇಮ್ ಲೆಕ್ಕ ಸರಿಹೋದರೆ ಸಿನಿಮಾ ಆಗಿಬಿಡುತ್ತದೆ ಎಂದು ಅನೇಕರು ಈಗಲೂ ನಂಬಿದ್ದಾರೆ. ಆಗುವುದಿಲ್ಲ. ಅದರ ಜೊತೆಯಲ್ಲೇ ಶಟರ್ ಕೂಡಬೇಕು. ಸಿನಿಮಾ ಕ್ಯಾಮೆರಾದಲ್ಲಿ ಅರ್ಧ ವೃತ್ತದಷ್ಟು, ಅಂದರೆ 180 ಡಿಗ್ರಿ ತೆರೆದ ಶಟರ್ ತಿರುಗುತ್ತಿರುತ್ತದೆ. ಹಾಗಾಗಿ ಒಂದು ಫ್ರೇಮ್‌ಗೆ ಸಲ್ಲುವ ಸಮಯದ ಅರ್ಧದಷ್ಟು ಹೊತ್ತು ಮಾತ್ರ ಬೆಳಕು ಒಳಬರುತ್ತದೆ, ಓಡುವ ಕಾಲು, ಬೀಸುವ ಕೈ ಹಿತವಾಗಿ ಮಸುಕಾಗುತ್ತವೆ. 25 ಫ್ರೇಮ್‌ಗೆ ಇದರ ಲೆಕ್ಕ ಸರಿಯಾಗಿ 1/50 ಸೆಕೆಂಡ್. ಇದು ನಮ್ಮ ಅದೃಷ್ಟವೂ ಹೌದು. ನಮ್ಮ ವಿದ್ಯುತ್ತು 50 ಹರ್ಟ್ಸ್ ಆದ್ದರಿಂದ ಹಳೆಯ ಚೋಕಿನ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿನುಗುತ್ತದೆ, 1/50 ಶಟರ್ ಅದಕ್ಕೆ ಚೆನ್ನಾಗಿ ಹೊಂದುತ್ತದೆ. ಇಲ್ಲಿ ಕ್ಯಾಮೆರಾವನ್ನು 30 ಫ್ರೇಮ್‌ಗೆ, ಶಟರನ್ನು 1/60ಕ್ಕೆ ಇಟ್ಟವರ ವಿಡಿಯೋದಲ್ಲಿ ಗೋಡೆಯ ಮೇಲೆ ಪಟ್ಟೆಗಳು ತೇಲುವುದು, ಕಲ್ಯಾಣ ಮಂಟಪದ ಬೆಳಕು ಉಸಿರಾಡಿದಂತೆ ಕಾಣುವುದು ಈ ಲೆಕ್ಕ ತಪ್ಪಿದ್ದರಿಂದ.

ಶಟರನ್ನು ಬೇಕೆಂದೇ ಕಿರಿದಾಗಿಸುವುದೂ ಉಂಟು. 1998ರ 'ಸೇವಿಂಗ್ ಪ್ರೈವೇಟ್ ರಯಾನ್' ಚಿತ್ರದ ಕಡಲತೀರದ ಯುದ್ಧಕ್ಕೆ ಛಾಯಾಗ್ರಾಹಕ ಯಾನುಷ್ ಕಮಿನ್ಸ್ಕಿ 90 ಮತ್ತು 45 ಡಿಗ್ರಿ ಶಟರ್ ಬಳಸಿದರು. ಮಸುಕು ಮಾಯವಾಗಿ, ಸಿಡಿದ ಮಣ್ಣಿನ ಒಂದೊಂದು ಕಣವೂ ಬಿಡಿಬಿಡಿಯಾಗಿ ಕಂಡಿತು. ಸಾಧಾರಣ ವಿಡಿಯೋ ಕ್ಯಾಮೆರಾದಲ್ಲಿ 1/100, 1/200 ಎಂದು ಒತ್ತಿದರೆ ಸಿಗುವುದು ಅದೇ ಪರಿಣಾಮ.

ಇನ್ನು ಸೀನ್ ಫೈಲಿನ ಜೀವಾಳವಾದ ಗಾಮಾ. ಕತ್ತಲಿನಿಂದ ಬೆಳಕಿನವರೆಗೆ ಚಿತ್ರದ ಮೆಟ್ಟಿಲುಗಳನ್ನು ಹೇಗೆ ಜೋಡಿಸಬೇಕು ಎಂದು ಹೇಳುವ ಗೆರೆ ಅದು. ಫಿಲ್ಮು ಹೆಚ್ಚು ಬೆಳಕು ಬಿದ್ದಾಗ ಥಟ್ಟನೆ ಸೋಲುವುದಿಲ್ಲ. ಬಿಳುಪಿನತ್ತ ಸಾಗುತ್ತಾ ನಿಧಾನವಾಗಿ ಬಾಗುತ್ತದೆ. ವಿಡಿಯೋ ಹಾಗಲ್ಲ. ಒಂದು ಮಟ್ಟದವರೆಗೆ ನೆಟ್ಟಗೆ ಏರಿ, ಅಲ್ಲಿಂದಾಚೆ ಎಲ್ಲವನ್ನೂ ಬಿಳಿಯ ತೇಪೆ ಮಾಡಿಬಿಡುತ್ತದೆ. ಬಿಸಿಲಲ್ಲಿ ಕೂತ ಅಜ್ಜಿಯ ಹಣೆ, ಸುಣ್ಣ ಬಳಿದ ಗೋಡೆ, ಮಧ್ಯಾಹ್ನದ ಆಕಾಶ ಮೂರೂ ಒಂದೇ ಬಿಳುಪಾಗುವುದು ಹೀಗೆ. ಸಿನೆಲೈಕ್ ಎಂದು ಹೆಸರಿಟ್ಟ ಗಾಮಾಗಳು ಫಿಲ್ಮಿನ ಆ ಬಾಗುವಿಕೆಯನ್ನು ಅನುಕರಿಸಿದವು. ಮುಂದೆ ಅದರಲ್ಲೇ ಎರಡು ಬಗೆ ಬಂದವು: ನೆರಳು ಬೆಳಕುಗಳ ವಿವರವನ್ನು ಹೆಚ್ಚು ಉಳಿಸುವ ಸಿನೆಲೈಕ್ ಡಿ, ಕಪ್ಪು ಬಿಳುಪಿನ ವ್ಯತ್ಯಾಸವನ್ನು ಎದ್ದು ಕಾಣಿಸುವ ಸಿನೆಲೈಕ್ ವಿ. ಇದೇ ಹೆಸರುಗಳು ಪ್ಯಾನಾಸೋನಿಕ್‌ನದೇ ಲೂಮಿಕ್ಸ್ ಕ್ಯಾಮೆರಾಗಳ ಮೆನುವಿಗೂ ಇಳಿದುಬಂದವು. ಜೊತೆಗೆ ನೀ ಪಾಯಿಂಟ್ ಎಂಬ ಸೆಟ್ಟಿಂಗ್ ಇರುತ್ತದೆ. ಪ್ರಖರ ಬೆಳಕನ್ನು ಯಾವ ಮಟ್ಟದಿಂದ ಮಣಿಸಬೇಕು ಎಂದು ಅದು ತೀರ್ಮಾನಿಸುತ್ತದೆ. ಪೆಡಸ್ಟಲ್ ಎಂಬುದು ಕಪ್ಪಿನ ತಳಮಟ್ಟ: ಇಳಿಸಿದರೆ ನೆರಳು ದಟ್ಟವಾಗುತ್ತದೆ, ಏರಿಸಿದರೆ ಇಡೀ ಚಿತ್ರಕ್ಕೆ ತೆಳುವಾದ ಮಂಜು ಕವಿಯುತ್ತದೆ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮೊದಲು ಮುಟ್ಟಬೇಕಾದದ್ದು ಡಿಟೇಲ್, ಈಗಿನ ಕ್ಯಾಮೆರಾಗಳಲ್ಲಿ ಶಾರ್ಪ್‌ನೆಸ್. ಕ್ಯಾಮೆರಾ ತಾನಾಗಿ ಪ್ರತಿ ಅಂಚಿಗೂ ಒಂದು ಸಣ್ಣ ಗೆರೆ ಎಳೆದು ಚಿತ್ರ ಚುರುಕಾಗಿ ಕಾಣುವಂತೆ ಮಾಡುತ್ತದೆ. ಅಂಗಡಿಯ ಟಿವಿಯಲ್ಲಿ ಅದು ಗಿರಾಕಿಯನ್ನು ಸೆಳೆಯುತ್ತದೆ. ಮುಖವೊಂದು ಪರದೆ ತುಂಬಿದಾಗ ಮಾತ್ರ ಚರ್ಮದ ಪ್ರತಿ ರಂಧ್ರವೂ ಕೆತ್ತಿದಂತೆ ಕಂಡು, ನಟಿಯ ಕಣ್ಣಿನ ಕಡೆ ಗಮನವೇ ಹೋಗುವುದಿಲ್ಲ. ಈ ಒಂದನ್ನು ತಗ್ಗಿಸಿದರೆ ಸಾಕು, ಅಗ್ಗದ ಕ್ಯಾಮೆರಾ ಕೂಡ ಅರ್ಧ ದಾರಿ ಕ್ರಮಿಸಿದಂತೆ.

ವೈಟ್ ಬ್ಯಾಲೆನ್ಸ್‌ಗೆ ಬರೋಣ. ಇದು ತಪ್ಪು ತಿದ್ದುವ ಸಾಧನ ಎಂದೇ ಹೆಚ್ಚಿನವರು ತಿಳಿದಿದ್ದಾರೆ, ಆದರೆ ಬಣ್ಣ ಹಚ್ಚುವ ಕುಂಚವೂ ಇದೇ. ಬಿಳಿ ಹಾಳೆಯ ಬದಲು ತಿಳಿ ನೀಲಿ ಕಾರ್ಡ್ ಹಿಡಿದು ಇದೇ ಬಿಳಿ ಎಂದು ಕ್ಯಾಮೆರಾವನ್ನು ನಂಬಿಸಿದರೆ, ಅದು ನೀಲಿಯನ್ನು ಕಳೆದು ಇಡೀ ದೃಶ್ಯಕ್ಕೆ ಸಂಜೆಯ ಹೊಂಬಣ್ಣ ತುಂಬುತ್ತದೆ. ಹಗಲಿನಲ್ಲಿ 5600 ಕೆಲ್ವಿನ್ ಬದಲು 3200 ಕೆಲ್ವಿನ್ ಇಟ್ಟು, ಎಕ್ಸ್‌ಪೋಶರ್ ತಗ್ಗಿಸಿ, ಆಕಾಶವನ್ನು ಚೌಕಟ್ಟಿನಿಂದ ಹೊರಗಿಟ್ಟರೆ ಮಧ್ಯಾಹ್ನವೇ ಬೆಳದಿಂಗಳಾಗುತ್ತದೆ. ಆಟೋದಲ್ಲಿ ಬಿಟ್ಟರೆ ಆಗುವ ನಷ್ಟವನ್ನು ಮಲೆನಾಡಿನವರು ಸುಲಭವಾಗಿ ಗುರುತಿಸಿಯಾರು. ಆಗುಂಬೆಯ ಜುಲೈ ಮಳೆಯ ಬೆಳಕಿನಲ್ಲಿ ಒಂದು ಬೂದು ನೀಲಿ ಇದೆ. ಆಟೋ ವೈಟ್ ಬ್ಯಾಲೆನ್ಸ್ ಅದನ್ನು ದೋಷವೆಂದು ಬಗೆದು ಅಳಿಸಿಹಾಕುತ್ತದೆ. ಆಗ ಉಳಿಯುವ ಹಸಿರು ಯಾವ ಊರಿನ ಹಸಿರಾದರೂ ಆಗಬಹುದು.

ಇಷ್ಟನ್ನು ಹಿಡಿತಕ್ಕೆ ತಂದುಕೊಂಡವರು ಏನು ಮಾಡಿ ತೋರಿಸಿದರು? ಡಿವಿಎಕ್ಸ್100ರಲ್ಲಿ ಚಿತ್ರೀಕರಿಸಿದ 'ನವೆಂಬರ್' ಚಿತ್ರಕ್ಕೆ ಛಾಯಾಗ್ರಾಹಕಿ ನ್ಯಾನ್ಸಿ ಶ್ರೈಬರ್ 2004ರ ಸನ್‌ಡ್ಯಾನ್ಸ್ ಚಿತ್ರೋತ್ಸವದಲ್ಲಿ ಛಾಯಾಗ್ರಹಣ ಪ್ರಶಸ್ತಿ ಪಡೆದರು. ಜೇಮ್ಸ್ ಲಾಂಗ್ಲೆ ಯುದ್ಧಾನಂತರದ ಇರಾಕಿನಲ್ಲಿ ತಾವೇ ಕ್ಯಾಮೆರಾ ಹಿಡಿದು ತೆಗೆದ 'ಇರಾಕ್ ಇನ್ ಫ್ರಾಗ್‌ಮೆಂಟ್ಸ್' ಸಾಕ್ಷ್ಯಚಿತ್ರಕ್ಕೂ ಇದೇ ಸರಣಿಯ ಕ್ಯಾಮೆರಾ. 2006ರ ಸನ್‌ಡ್ಯಾನ್ಸ್‌ನಲ್ಲಿ ಅದಕ್ಕೆ ನಿರ್ದೇಶನ, ಛಾಯಾಗ್ರಹಣ, ಸಂಕಲನ ಮೂರೂ ಪ್ರಶಸ್ತಿಗಳು ಬಂದವು. ಡಿವಿಎಕ್ಸ್100 ಬಂದ ವರ್ಷವೇ ಬಿಡುಗಡೆಯಾದ ಡ್ಯಾನಿ ಬಾಯ್ಲ್ ಅವರ '28 ಡೇಸ್ ಲೇಟರ್' ಬಹುಪಾಲು ಕ್ಯಾನನ್ ಎಕ್ಸ್‌ಎಲ್1ಎಸ್ ಎಂಬ ಇಂಥದೇ ಟೇಪ್ ಕ್ಯಾಮೆರಾದ ಚಿತ್ರ. ನಸುಕಿನಲ್ಲಿ ಲಂಡನ್ನಿನ ರಸ್ತೆಗಳು ಸ್ವಲ್ಪ ಹೊತ್ತು ಮಾತ್ರ ಖಾಲಿ ಸಿಗುತ್ತಿದ್ದವು; ಹಗುರವಾದ ಹಲವು ಕ್ಯಾಮೆರಾಗಳನ್ನು ಒಟ್ಟಿಗೆ ಹೂಡಿ ಆಂಥನಿ ಡಾಡ್ ಮ್ಯಾಂಟಲ್ ಆ ನಿರ್ಜನ ನಗರವನ್ನು ಸೆರೆಹಿಡಿದರು. ಅದೇ ಛಾಯಾಗ್ರಾಹಕ ಮುಂದೆ ಮುಂಬೈಯ ಗಲ್ಲಿಗಳಲ್ಲಿ ಪುಟ್ಟ ಡಿಜಿಟಲ್ ಕ್ಯಾಮೆರಾ ಹಿಡಿದು ಓಡಾಡಿ 'ಸ್ಲಮ್‌ಡಾಗ್ ಮಿಲಿಯನೇರ್'ಗೆ ಆಸ್ಕರ್ ಗೆದ್ದರು.

ಆಮೇಲೆ ಗಾಳಿ ಬೇರೆ ಕಡೆ ಬೀಸಿತು. 2008ರಲ್ಲಿ ಬಂದ ಕ್ಯಾನನ್ 5ಡಿ ಮಾರ್ಕ್ 2 ಸ್ಟಿಲ್ ಕ್ಯಾಮೆರಾದಲ್ಲೇ ಪೂರ್ಣ ಎಚ್‌ಡಿ ವಿಡಿಯೋ ಕೊಟ್ಟಿತು. 24 ಮತ್ತು 25 ಫ್ರೇಮ್‌ಗಳು 2010ರ ಸಾಫ್ಟ್‌ವೇರ್ ಪರಿಷ್ಕರಣೆಯಿಂದ ಬಂದವು. 2011ರಲ್ಲಿ ಟೆಕ್ನಿಕಲರ್ ಸಂಸ್ಥೆ ಈ ಕ್ಯಾಮೆರಾಗಳಿಗಾಗಿ ಸಿನೆಸ್ಟೈಲ್ ಎಂಬ ಪ್ರೊಫೈಲನ್ನು ಉಚಿತವಾಗಿ ಹಂಚಿತು. ಅದರಲ್ಲಿ ತೆಗೆದ ಚಿತ್ರ ಪೇಲವವಾಗಿ, ಬಣ್ಣಗೆಟ್ಟು ಕಾಣುತ್ತದೆ. ವಿವರವನ್ನೆಲ್ಲ ಉಳಿಸಿಕೊಂಡು ಆಮೇಲೆ ಕಂಪ್ಯೂಟರಿನಲ್ಲಿ ಬೇಕಾದ ಬಣ್ಣ ಕಟ್ಟಿಕೊಳ್ಳಿ ಎಂಬುದು ಅದರ ತತ್ವ. ಈಗಿನ ಲಾಗ್ ಪ್ರೊಫೈಲ್‌ಗಳೂ ಇದೇ ದಾರಿಯವು. ಅವುಗಳಲ್ಲಿ ತೆಗೆದ ಚಿತ್ರದ ಮೇಲೆ ಲಟ್ ಎಂಬ ಸಿದ್ಧ ಬಣ್ಣಸೂತ್ರ ಹಾಕಿ, ಡಿಐ, ಅಂದರೆ ಕಂಪ್ಯೂಟರಿನಲ್ಲಿ ಬಣ್ಣ ತಿದ್ದುವ ಕೆಲಸ ಮಾಡಿ ನೋಟವನ್ನು ಮೂಡಿಸುತ್ತಾರೆ. 2000ದಲ್ಲೇ ರೋಜರ್ ಡೀಕಿನ್ಸ್ 'ಓ ಬ್ರದರ್, ವೇರ್ ಆರ್ಟ್ ದೌ?' ಚಿತ್ರದಲ್ಲಿ ಮಿಸಿಸಿಪ್ಪಿಯ ಕಡು ಹಸಿರನ್ನು ಡಿಜಿಟಲ್ ಗ್ರೇಡಿಂಗ್‌ನಲ್ಲಿ ಒಣ ಹುಲ್ಲಿನ ಹಳದಿಗೆ ತಿರುಗಿಸಿದ್ದರು. ದೊಡ್ಡ ಸಿನಿಮಾಕ್ಕೆ ಇದು ಸರಿಯಾದ ದಾರಿ.

ಸಣ್ಣ ಕ್ಯಾಮೆರಾಕ್ಕೆ ಎಲ್ಲ ಸಲವೂ ಸರಿಯಲ್ಲ. 8 ಬಿಟ್ ವಿಡಿಯೋದಲ್ಲಿ ಒಂದೊಂದು ಬಣ್ಣಕ್ಕೆ 256 ಮೆಟ್ಟಿಲುಗಳು ಮಾತ್ರ, 10 ಬಿಟ್‌ನಲ್ಲಿ 1024. ಲಾಗ್ ಚಿತ್ರ ಆ 256ರಲ್ಲಿ ಒಂದಿಷ್ಟನ್ನಷ್ಟೇ ಬಳಸುತ್ತದೆ. ಅದನ್ನು ಎಳೆದು ಹಿಗ್ಗಿಸಿದಾಗ ಆಕಾಶದಲ್ಲಿ ಪಟ್ಟೆಗಳು ಮೂಡುತ್ತವೆ, ಕೆನ್ನೆಯ ಮೇಲೆ ಕಲೆಗಳು ಏಳುತ್ತವೆ. ನಿಮ್ಮದು 8 ಬಿಟ್ ಕ್ಯಾಮೆರಾ ಆಗಿದ್ದರೆ ಬೇಕಾದ ನೋಟವನ್ನು ಕ್ಯಾಮೆರಾದಲ್ಲೇ ಮುಕ್ಕಾಲು ಪಾಲು ಮುಗಿಸಿಕೊಳ್ಳಿ. ಈ ಮಾತನ್ನು ಯಾವ ಅನುಮಾನವೂ ಇಲ್ಲದೆ ಹೇಳುತ್ತೇನೆ.

ತಾಂತ್ರಿಕ ಕಾರಣಕ್ಕಿಂತ ದೊಡ್ಡ ಕಾರಣವೊಂದಿದೆ. ಮೈಸೂರಿನಲ್ಲಿ ಹುಟ್ಟಿ, ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತ ವಿ.ಕೆ. ಮೂರ್ತಿ ಅವರಿಗೆ ಡಿಐ ಇರಲಿಲ್ಲ. 1959ರ 'ಕಾಗಜ್ ಕೆ ಫೂಲ್'ನಲ್ಲಿ ಸ್ಟುಡಿಯೋದ ಕತ್ತಲನ್ನು ಸೀಳಿ ಇಳಿಯುವ ಆ ಬೆಳಕಿನ ಕೋಲನ್ನು ಅವರು ಹೊರಗಿನ ಬಿಸಿಲನ್ನು ಕನ್ನಡಿಗಳಿಂದ ಒಳಕ್ಕೆ ತಿರುಗಿಸಿ ತಂದರು. ಆ ಶಾಟ್ ಹೇಗೆ ಕಾಣಬೇಕೆಂದು ಅವರು ಸೆಟ್ಟಿನ ಮೇಲೆ ನಿಂತೇ ತೀರ್ಮಾನಿಸಿದ್ದರು. ಛಾಯಾಗ್ರಾಹಕರೊಬ್ಬರಿಗೆ ಮೊದಲ ಬಾರಿ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಸಂದದ್ದು ಅವರಿಗೆ, 2008ನೇ ಸಾಲಿಗೆ. ಎಲ್ಲವನ್ನೂ ಆಮೇಲೆ ನೋಡಿಕೊಳ್ಳೋಣ ಎನ್ನುವವರ ಕಣ್ಣು ಸ್ಥಳದಲ್ಲಿ ಬೆಳಕನ್ನು ಓದುವುದನ್ನೇ ಬಿಟ್ಟುಬಿಡುತ್ತದೆ. ಸೀನ್ ಫೈಲಿನ ಡಯಲ್ ತಿರುಗಿಸುವವರು ಶಾಟ್‌ಗೆ ಮೊದಲೇ ಈ ದೃಶ್ಯ ಯಾಕೆ ಹೀಗೆ ಕಾಣಬೇಕು ಎಂದು ಕೇಳಿಕೊಳ್ಳಲೇಬೇಕು.

ಆ ಪ್ರಶ್ನೆಗೆ ಸಿಕ್ಕ ಒಳ್ಳೆಯ ಉತ್ತರವೊಂದು ಕನ್ನಡದಲ್ಲೇ ಇದೆ. ಜನರಿಂದ ಹಣ ಕೂಡಿಸಿ ಪವನ್ ಕುಮಾರ್ 2013ರಲ್ಲಿ ತೆರೆಗೆ ತಂದ 'ಲೂಸಿಯಾ'ದಲ್ಲಿ ಚಿತ್ರಮಂದಿರದಲ್ಲಿ ಟಾರ್ಚ್ ಹಿಡಿಯುವ ಹುಡುಗನ ಬದುಕು ಬಣ್ಣದಲ್ಲಿದೆ, ಸಿನಿಮಾ ತಾರೆಯ ಬದುಕು ಕಪ್ಪು ಬಿಳುಪಿನಲ್ಲಿದೆ. ನೋಟವೇ ಅಲ್ಲಿ ಕಥೆಯ ಅರ್ಧ ಭಾರ ಹೊರುತ್ತದೆ.

ಕಲಿಯಲು ಒಳ್ಳೆಯ ಜಾಗ ಬೇಕಿದ್ದರೆ ಯಕ್ಷಗಾನದ ರಂಗಸ್ಥಳಕ್ಕೆ ಹೋಗಿ. ಸುತ್ತ ಕಗ್ಗತ್ತಲು, ಮಧ್ಯೆ ಪ್ರಖರ ದೀಪ, ಕಿರೀಟದ ಹೊಳಪು, ಕೆಂಪು ಉಡುಪು. ಆಟೋದಲ್ಲಿರುವ ಕ್ಯಾಮೆರಾ ಕತ್ತಲನ್ನು ನೋಡಿ ಹೆದರಿ ಎಲ್ಲವನ್ನೂ ಬೆಳಗಿಸುತ್ತದೆ. ವೇಷದ ಮುಖವರ್ಣಿಕೆ ಸುಟ್ಟು ಬಿಳುಚುತ್ತದೆ, ಕೆಂಪು ಬಟ್ಟೆಯ ನೆರಿಗೆಗಳು ಕರಗಿ ಒಂದೇ ಮುದ್ದೆಯಾಗುತ್ತವೆ. ಅಲ್ಲಿ ಎಕ್ಸ್‌ಪೋಶರನ್ನು ಮುಖಕ್ಕೆ ಹೊಂದಿಸಿ, ಹೈಲೈಟನ್ನು ಬೇಗ ಮಣಿಸಿ, ಬಣ್ಣದ ಗಾಢತೆಯನ್ನು ಎರಡು ಮೆಟ್ಟಿಲು ಇಳಿಸಿ, ಕಪ್ಪನ್ನು ಕಪ್ಪಾಗಿಯೇ ಬಿಡಬೇಕು. ಹಗಲಿನ ಜಾತ್ರೆಗಾದರೆ 1/50 ಶಟರ್‌ಗೆ ಬೆಳಕು ಮಿತಿಮೀರುತ್ತದೆ, ಬೆಳಕನ್ನು ತಗ್ಗಿಸುವ ಎನ್‌ಡಿ ಫಿಲ್ಟರ್ ಬೇಕೇ ಬೇಕು.

ಫ್ಯೂಜಿ ಕಂಪನಿ 2013ರಲ್ಲಿ ಸಿನಿಮಾ ಚಿತ್ರೀಕರಣದ ಫಿಲ್ಮ್ ತಯಾರಿಕೆ ನಿಲ್ಲಿಸಿತು. ಅದರ ಎಟರ್ನಾ ಎಂಬ ಫಿಲ್ಮಿನ ಹೆಸರು 2018ರ ಎಕ್ಸ್-ಎಚ್1 ಕ್ಯಾಮೆರಾದ ಮೆನುವಿನಲ್ಲಿ ಒಂದು ಸೆಟ್ಟಿಂಗ್ ಆಗಿ ಮರಳಿ ಬಂತು. ಸಿನಿಮಾದ ನೂರು ವರ್ಷಗಳ ಅನುಭವ ಇಂದು ಹೀಗೆ ಮೆನುಗಳಲ್ಲಿ ಕೂತಿದೆ, ಫೋನಿನಲ್ಲೂ ಇದೆ. ನಿಮ್ಮ ಕ್ಯಾಮೆರಾ ಯಾವುದೇ ಇರಲಿ, ಈ ವಾರ ಒಂದು ಗಂಟೆ ಬಿಡುವು ಮಾಡಿಕೊಂಡು ಅದರ ಮೆನುವನ್ನು ತೆರೆಯಿರಿ. 25 ಫ್ರೇಮ್, 1/50 ಶಟರ್ ಇಡಿ, ಶಾರ್ಪ್‌ನೆಸ್ ಕೆಳಗಿಳಿಸಿ, ವೈಟ್ ಬ್ಯಾಲೆನ್ಸನ್ನು ಆಟೋದಿಂದ ತಪ್ಪಿಸಿ. ಮನೆಯವರ ಮುಖವೊಂದನ್ನು ಕಿಟಕಿಯ ಬೆಳಕಿನಲ್ಲಿ ಕೂರಿಸಿ, ಸಿಗುವ ಒಂದೊಂದು ಪ್ರೊಫೈಲಿನಲ್ಲೂ ಅರ್ಧ ನಿಮಿಷ ಚಿತ್ರೀಕರಿಸಿ, ದೊಡ್ಡ ಪರದೆಯ ಮೇಲೆ ಪಕ್ಕಪಕ್ಕದಲ್ಲಿಟ್ಟು ನೋಡಿ.