ಮನೆ ಅದಲುಬದಲು ರಜೆ: ಕಡಲಿಗೆ ಎಣ್ಣೆ ಸೋರಿದಾಗ

ನೀವು ಅವರ ಮನೆಗೆ, ಅವರು ನಿಮ್ಮ ಮನೆಗೆ. ಬಾಡಿಗೆ ಮಾತಿಲ್ಲ. ಎರಡೂ ಕಡೆ ವಿಮಾನದ ಟಿಕೆಟ್ ಆಗಿದೆ. ಅಷ್ಟರಲ್ಲಿ ಹೋಗಬೇಕಾದ ಊರೇ ಟಿವಿಯಲ್ಲಿ ಸುದ್ದಿ. ರದ್ದು ಮಾಡಬೇಕಾ?

ಒಂದು ಉದಾಹರಣೆ ನೋಡಿ: 2010ರ ಏಪ್ರಿಲ್ 20. ಮೆಕ್ಸಿಕೋ ಕೊಲ್ಲಿಯಲ್ಲಿ ಎಣ್ಣೆ ಬಾವಿ ಕೊರೆಯುವ ಡೀಪ್‌ವಾಟರ್ ಹೊರೈಜನ್ ರಿಗ್ ಸ್ಫೋಟಗೊಂಡು 11 ಕಾರ್ಮಿಕರು ಸತ್ತರು. ಕಡಲತಳದಿಂದ ಉಕ್ಕುತ್ತಿದ್ದ ಎಣ್ಣೆ ನಿಂತದ್ದು ಜುಲೈ 15ಕ್ಕೆ. ಜೂನ್‌ನಲ್ಲಿ ಫ್ಲಾರಿಡಾದ ಪೆನ್ಸಕೋಲಾ ಬೀಚಿನ ಬಿಳಿ ಮರಳಿನ ಮೇಲೆ ಡಾಂಬರಿನಂಥ ಉಂಡೆಗಳು ಬಂದು ಬಿದ್ದವು. ಆದರೆ ಅದೇ ರಾಜ್ಯದ ಟ್ಯಾಂಪಾ, ಸರಸೋಟಾ ತೀರಕ್ಕೆ ಎಣ್ಣೆ ತಲುಪಲೇ ಇಲ್ಲ. ಪಾಪ, ಅಲ್ಲಿಗೆ ಹೊರಟಿದ್ದವರೂ ಹೆದರಿ ಪ್ರವಾಸ ಕೈಬಿಟ್ಟರು.

ರಾಜ್ಯದ ಹೆಸರಲ್ಲ, ನೀವು ಹೋಗುವ ಬೀಚಿನ ಹೆಸರು ಹಿಡಿದು ವಿಚಾರಿಸಿ. ಆಗ ಅಮೆರಿಕದ ಸಾಗರ ಸಂಸ್ಥೆ ನೋವಾ, ಎಣ್ಣೆ ಮುಂದೆ ಎತ್ತ ಸಾಗುತ್ತದೆ ಅಂತ ನಕ್ಷೆ ಕೊಡುತ್ತಿತ್ತು. ಆ ಮನೆಯವರಿಗೇ ಫೋನ್ ಮಾಡಿ: “ಇವತ್ತು ನೀರಿಗಿಳಿಯಬಹುದಾ? ವಾಸನೆ ಇದೆಯಾ?” ಆ ದಿನದ್ದೇ ಫೋಟೊ ಕೇಳಿ.

ಅಲ್ಲಿನ ಆರೋಗ್ಯ ಇಲಾಖೆ ಬೇಡ ಅಂದರೆ ಹೋಗಲೇಬೇಡಿ, ಮನೆಯಲ್ಲಿ ಆಸ್ತಮಾ ಇರುವವರಿದ್ದರಂತೂ. ಆದರೆ ನೀವು ಹೋಗದಿದ್ದರೆ ಅವರ ರಜೆಯೂ ಯಾಕೆ ಕೆಡಬೇಕು? ನೀವು ನೆಂಟರ ಮನೆಗೆ ಹೋಗಿ, ನಿಮ್ಮ ಮನೆಯ ಬೀಗದ ಕೈ ಅವರಿಗೆ ಕೊಡಿ. ನಿಮ್ಮ ಸರದಿ ಮುಂದಿನ ವರ್ಷ. ಈ ಒಪ್ಪಂದ ಇಮೇಲ್‌ನಲ್ಲಿರಲಿ.

ಹೋದಿರಾ? ಕಾಲಿಗೆ ಆ ಉಂಡೆ ಅಂಟಿದರೆ ಸೋಪು ನೀರಲ್ಲಿ ಉಜ್ಜಿ, ಬಿಡದಿದ್ದರೆ ಬೇಬಿ ಆಯಿಲ್ ಹಚ್ಚಿ. ಸೀಮೆಎಣ್ಣೆ, ಪೆಟ್ರೋಲ್ ಮುಟ್ಟಿಸಬೇಡಿ. ಚಪ್ಪಲಿ ಮಾತ್ರ ಬಾಗಿಲ ಹೊರಗೇ ಬಿಡಿ, ಅವರ ಕಾರ್ಪೆಟ್‌ಗೆ ಹತ್ತಿದ ಕಲೆ ಸುಲಭವಾಗಿ ಹೋಗುವುದಿಲ್ಲ.